ಎರಡನೆಯ ಮಗುವನ್ನು ನೋಡಿಕೊಳ್ಳುವವರು ಯಾರು? ಕೊರಿಯಾದ ಜನನ ದರ ಮತ್ತು ನಮ್ಮ ಮನೆಗಳ ಲೆಕ್ಕ

ಹೇಮಾವತಿ ತೀರ:

ದಕ್ಷಿಣ ಕೊರಿಯಾದ ಒಟ್ಟು ಫಲವತ್ತತೆ ದರ 2023ರಲ್ಲಿ 0.72ಕ್ಕೆ ಇಳಿಯಿತು. ಅದೇ ಪ್ರಮಾಣ ಮುಂದುವರಿದರೆ ನೂರು ಮಹಿಳೆಯರಿಗೆ ಜೀವಮಾನದಲ್ಲಿ ಹುಟ್ಟುವ ಮಕ್ಕಳು 72 ಮಾತ್ರ. ಒಂದು ಪೀಳಿಗೆ ತನ್ನ ಸಂಖ್ಯೆಯನ್ನು ಉಳಿಸಿಕೊಳ್ಳಬೇಕಾದರೆ ಸುಮಾರು 210 ಮಕ್ಕಳು ಹುಟ್ಟಬೇಕು. 2024ರಲ್ಲಿ ದರ 0.75ಕ್ಕೆ ಏರಿತು, ಒಂಬತ್ತು ವರ್ಷಗಳಲ್ಲಿ ಕಂಡ ಮೊದಲ ಏರಿಕೆ ಅದು. 1960ರ ಸುಮಾರಿಗೆ ಇದೇ ದೇಶದ ಮಹಿಳೆಯರು ಸರಾಸರಿ ಆರು ಮಕ್ಕಳನ್ನು ಹೆರುತ್ತಿದ್ದರು ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು.

ಹೆಣ್ಣುಮಕ್ಕಳು ಓದಿದರು, ಕೆಲಸಕ್ಕೆ ಹೋದರು, ಆದ್ದರಿಂದ ಮಕ್ಕಳು ಕಡಿಮೆಯಾದರು ಎಂಬ ವಿವರಣೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಅರ್ಧ ಸತ್ಯ ಮಾತ್ರ. 1980ರ ದಶಕದ ನಡುವಿನಿಂದ ಶ್ರೀಮಂತ ದೇಶಗಳಲ್ಲಿ ಈ ಸಂಬಂಧ ತಿರುವುಮುರುವಾಯಿತು: ಹೆಚ್ಚು ಮಹಿಳೆಯರು ಹೊರಗೆ ದುಡಿಯುವ ಸ್ವೀಡನ್ನಿನಂಥ ದೇಶಗಳಲ್ಲಿ ಜನನ ದರ ತಕ್ಕಮಟ್ಟಿಗೆ ನಿಂತಿತು, ಗೃಹಿಣಿಯರೇ ಹೆಚ್ಚಿದ್ದ ಇಟಲಿ ಮತ್ತು ಸ್ಪೇನ್‌ಗಳಲ್ಲಿ ಪಾತಾಳಕ್ಕೆ ಇಳಿಯಿತು. ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಪೀಟರ್ ಮೆಕ್‌ಡೊನಾಲ್ಡ್ 2000ದಲ್ಲಿ ಇದಕ್ಕೆ ಕೊಟ್ಟ ಕಾರಣ ನನಗೆ ಈಗಲೂ ಸರಿಯೆನಿಸುತ್ತದೆ. ಶಾಲೆ, ಕಾಲೇಜು, ಕಚೇರಿ ಹೆಣ್ಣನ್ನು ಒಬ್ಬ ವ್ಯಕ್ತಿಯೆಂದು ನಡೆಸಿಕೊಳ್ಳತೊಡಗಿದ ಮೇಲೂ ಮನೆ ಅವಳನ್ನು ಹೆಂಡತಿ, ಸೊಸೆ, ತಾಯಿ ಎಂದಷ್ಟೇ ನಡೆಸಿಕೊಂಡರೆ, ಅವಳ ಕೈಯಲ್ಲಿ ನಿಜವಾಗಿ ಉಳಿಯುವ ಆಯ್ಕೆಯೆಂದರೆ ಮದುವೆ, ತಾಯ್ತನಗಳಿಗೆ ಕಾಲಿಡದಿರುವುದು ಅಥವಾ ಆದಷ್ಟು ತಡವಾಗಿ ಕಾಲಿಡುವುದು.

ಕೊರಿಯಾ ಇದಕ್ಕೆ ಅತ್ಯಂತ ತೀಕ್ಷ್ಣ ಉದಾಹರಣೆ. ಅಲ್ಲಿನ ಕಾನೂನಿನಲ್ಲಿದ್ದ ಕುಟುಂಬ ಯಜಮಾನ ಪದ್ಧತಿ, ಅಂದರೆ ಗಂಡಸಿನ ಹೆಸರಿನಡಿ ಹೆಂಡತಿ ಮಕ್ಕಳನ್ನು ದಾಖಲಿಸುವ ಹೋಜು ವ್ಯವಸ್ಥೆ, ರದ್ದಾಗಿದ್ದು 2008ರಲ್ಲಿ. ಆ ವೇಳೆಗಾಗಲೇ ಹುಡುಗಿಯರು ಕಾಲೇಜು ಸೇರುವುದರಲ್ಲಿ ಹುಡುಗರಿಗೆ ಸರಿಸಾಟಿಯಾಗಿದ್ದರು. ಕಾನೂನು ಹೋಯಿತು, ಮನೆಯ ನಡಾವಳಿ ಉಳಿಯಿತು. ಗಂಡು ಹೆಣ್ಣಿನ ವೇತನದ ಅಂತರ ಅಲ್ಲಿ ಇಂದಿಗೂ ಶೇಕಡ 30ರ ಆಸುಪಾಸಿನಲ್ಲಿದೆ, ಶ್ರೀಮಂತ ದೇಶಗಳಲ್ಲೇ ಅತಿ ಹೆಚ್ಚು.

ಕರ್ನಾಟಕದ ದರ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7. ನಾವು ಅದೇ ದಾರಿಯಲ್ಲಿದ್ದೇವೆಯೇ, ಅಥವಾ ನಮ್ಮ ಇಳಿಕೆಗೆ ಬೇರೆ ಕಾರಣವಿದೆಯೇ ಎಂಬುದನ್ನು ಈ ಚರ್ಚೆಯಲ್ಲಿರುವವರು ತಮ್ಮ ತಮ್ಮ ಅನುಭವ ಮತ್ತು ಓದಿನಿಂದ ಹೇಳಬೇಕೆಂದು ಕೋರುತ್ತೇನೆ.

ಜಯನಗರದ ಓದುಗಿ:

ನಮ್ಮಲ್ಲಿ ಈ ಲೆಕ್ಕ ಇನ್ನೂ ಪೂರ್ತಿ ಬಯಲಿಗೆ ಬಂದಿಲ್ಲ, ಏಕೆಂದರೆ ಅದನ್ನು ನಮ್ಮ ತಾಯಂದಿರು ತುಂಬಿಕೊಡುತ್ತಿದ್ದಾರೆ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಯಾವ ಮನೆಯನ್ನಾದರೂ ನೋಡಿ. ಏಳನೆಯ ತಿಂಗಳ ಸೀಮಂತ ಮುಗಿಸಿ ಮಗಳು ತವರಿಗೆ ಹೋಗುತ್ತಾಳೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಲೇಹ್ಯ, ರಾತ್ರಿ ಮಗು ಅತ್ತಾಗ ಎದ್ದು ತೊಟ್ಟಿಲು ತೂಗುವುದು, ಇವೆಲ್ಲವನ್ನೂ ಅವಳ ತಾಯಿ ಮಾಡುತ್ತಾಳೆ. ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಅಷ್ಟು ಹೊತ್ತಿಗೆ 26 ವಾರಗಳ ಹೆರಿಗೆ ರಜೆ ತೀರುತ್ತ ಬಂದಿರುತ್ತದೆ. ಆಗ ಅದೇ ತಾಯಿ ತನ್ನ ಬಟ್ಟೆಬರೆ ಕಟ್ಟಿಕೊಂಡು ಬೆಂಗಳೂರಿನ ಎರಡು ಕೋಣೆಯ ಮನೆಗೆ ಬಂದು ಕೂರುತ್ತಾಳೆ, ಊರಿನಲ್ಲಿ ಅಪ್ಪ ಒಬ್ಬರೇ ಅನ್ನ ಬೇಯಿಸಿಕೊಂಡು, ಸಾರನ್ನು ಪಕ್ಕದ ಮನೆಯಿಂದಲೋ ಮೆಸ್ಸಿನಿಂದಲೋ ತರಿಸಿಕೊಂಡು ದಿನ ದೂಡುತ್ತಾರೆ.

ನನ್ನ ತಾಯಿ ಹೀಗೆ ನನ್ನ ಮಗನನ್ನು ಶಾಲೆಗೆ ಸೇರುವವರೆಗೆ ಬೆಳೆಸಿಕೊಟ್ಟರು. ಎರಡನೆಯದರ ಮಾತು ಬಂದಾಗ, "ಇನ್ನೊಂದು ಬಾಣಂತನ ನನ್ನ ಕೈಲಾಗಲ್ಲ ಕಣೇ, ಮಂಡಿ ಕೇಳಲ್ಲ" ಎಂದರು. ಆ ವಿಷಯ ಅಲ್ಲಿಗೇ ಮುಗಿಯಿತು. ನನ್ನ ಗಂಡ ಕೆಟ್ಟವರಲ್ಲ, ಪಾತ್ರೆ ತೊಳೆಯುತ್ತಾರೆ, ಮಗುವಿಗೆ ಸ್ನಾನ ಮಾಡಿಸುತ್ತಾರೆ. ಆದರೆ ಮಂಡಿನೋವಿನ ಅರುವತ್ತೆರಡರ ಹೆಂಗಸು ಬಿಟ್ಟುಹೋಗುವ ಜಾಗಕ್ಕೆ ಮೂವತ್ತೇಳರ ಗಂಡಸು ಬಂದು ನಿಲ್ಲಬಹುದು ಎಂಬ ಆಲೋಚನೆ ಅವರಿಗೂ ಬರಲಿಲ್ಲ, ಅವರ ಮನೆಯವರಿಗೂ ಬರಲಿಲ್ಲ, ನಿಜ ಹೇಳಬೇಕೆಂದರೆ ನಮ್ಮ ತಾಯಿಗಂತೂ ಬರಲು ಸಾಧ್ಯವೇ ಇರಲಿಲ್ಲ.

ಇದರ ಮೇಲೆ ನೆನಪಿಟ್ಟುಕೊಳ್ಳುವ ಕೆಲಸವೊಂದಿದೆ, ಅದನ್ನು ಯಾವ ಸಮೀಕ್ಷೆಯೂ ಚೆನ್ನಾಗಿ ಅಳೆಯಲಾರದು. ಲಸಿಕೆಯ ದಿನ, ಶಾಲೆಯ ವಾಟ್ಸಾಪ್ ಗುಂಪು, ಕೆಲಸದವಳ ರಜೆ, ಮುಗಿಯುತ್ತಿರುವ ಡೈಪರ್, ನೆಂಟರ ಗೃಹಪ್ರವೇಶಕ್ಕೆ ಉಡುಗೊರೆ. ನಮ್ಮ ಕೆಲಸದವಳ ಚಿಕ್ಕ ಮಗುವನ್ನು ಅವಳ ಹತ್ತು ವರ್ಷದ ಹಿರಿಮಗಳು ನೋಡಿಕೊಳ್ಳುತ್ತಾಳೆ ಎಂಬುದನ್ನೂ ಹೇಳದೆ ಬಿಡಬಾರದು. ಮಧ್ಯಮ ವರ್ಗದ ಮನೆಯಲ್ಲಿ ಗಂಡಸು ಮಾಡದ ಪಾಲು ಇನ್ನೊಬ್ಬ ಬಡ ಹೆಂಗಸಿನ ತಲೆಗೆ, ಅಲ್ಲಿಂದ ಒಂದು ಹುಡುಗಿಯ ತಲೆಗೆ ಇಳಿಯುತ್ತದೆ.

ನನ್ನ ಆತಂಕವಿರುವುದು ಮುಂದಿನ ಪೀಳಿಗೆಯ ಬಗ್ಗೆ. ನನ್ನ ತಾಯಿ ಹೊರಗೆ ಕೆಲಸಕ್ಕೆ ಹೋದವರಲ್ಲ, ಆದ್ದರಿಂದ ನನಗೆ ಸಿಕ್ಕರು. ನಾನು ಅರುವತ್ತರವರೆಗೆ ಕಚೇರಿಗೆ ಹೋಗುವವಳು. ನನ್ನ ಸೊಸೆಗೋ ಮಗಳಿಗೋ ನಾನು ಸಿಗುವುದಿಲ್ಲ.

ಅಂಕಿಅಂಶದ ಮೇಷ್ಟ್ರು:

ಹೇಮಾವತಿ ತೀರದವರ ವಾದ ಸುಂದರವಾಗಿದೆ, ಆದರೆ ಅದಕ್ಕೆ ಹೊಂದದ ಅಂಕಿಗಳನ್ನೂ ಎದುರಿಸಬೇಕು. ಸ್ವೀಡನ್ 1974ರಲ್ಲೇ ತಂದೆತಾಯಿ ಇಬ್ಬರಿಗೂ ಸೇರಿದ ಪಾಲನಾ ರಜೆಯನ್ನು ತಂದಿತು. ಇಂದು ಅಲ್ಲಿ ಒಂದು ಮಗುವಿಗೆ 480 ದಿನಗಳ ರಜೆಯಿದೆ, ಅದರಲ್ಲಿ ತಲಾ 90 ದಿನಗಳನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಇಷ್ಟಾದರೂ 2024ರಲ್ಲಿ ಅಲ್ಲಿನ ದರ 1.43. ಗಂಡಸರು ಮಕ್ಕಳ ಗಾಡಿ ತಳ್ಳಿಕೊಂಡು ಓಡಾಡುವ ಫಿನ್ಲೆಂಡಿನಲ್ಲಿ 1.25. ಸಮಾನತೆ ಬಂದರೆ ಮಕ್ಕಳು ಬರುತ್ತಾರೆ ಎಂಬುದು 2010ರವರೆಗೆ ನಂಬಬಹುದಾಗಿದ್ದ ಮಾತು.

ಇನ್ನು ನಮ್ಮ ದೇಶ. ಅದೇ 2019-21ರ ಸಮೀಕ್ಷೆಯಲ್ಲಿ ಪಂಜಾಬ್ 1.6, ಪಶ್ಚಿಮ ಬಂಗಾಳ 1.6, ಜಮ್ಮು ಮತ್ತು ಕಾಶ್ಮೀರ 1.4. ಈ ಪ್ರದೇಶಗಳ ಮನೆಗಳಲ್ಲಿ ಲಿಂಗ ಸಮಾನತೆ ತುಂಬಿ ತುಳುಕುತ್ತಿದೆ ಎಂದು ಯಾರೂ ಹೇಳಲಾರರು, ಹೊರಗೆ ದುಡಿಯುವ ಮಹಿಳೆಯರೂ ಅಲ್ಲಿ ಹೆಚ್ಚಿಲ್ಲ. ಅಂದರೆ ಗಂಡಸು ಪಾತ್ರೆ ತೊಳೆಯುವುದಕ್ಕೂ ತೊಳೆಯದಿರುವುದಕ್ಕೂ ಸಂಬಂಧವಿಲ್ಲದೆಯೇ ದರ ಇಳಿಯಬಲ್ಲದು. ಕೊರಿಯಾದಲ್ಲಿ ಸೋಲ್ ನಗರದ ಮನೆಗಳ ಬೆಲೆ, ಹಗ್ವೊನ್ ಎಂಬ ಖಾಸಗಿ ಪಾಠಶಾಲೆಗಳ ಖರ್ಚು, ಅತಿ ದೀರ್ಘ ದುಡಿಮೆಯ ಅವಧಿ ಇವೆಲ್ಲವೂ ಕಾರಣಗಳೇ. ನಮ್ಮಲ್ಲೂ ಎಲ್‌ಕೆಜಿ ಸೇರಿಸಲು ಲಕ್ಷ ರೂಪಾಯಿ ಕಟ್ಟುವ ತಂದೆತಾಯಿಯರನ್ನು ಕೇಳಿದರೆ ಅಡುಗೆಮನೆಯ ಮಾತು ಬರುವ ಮೊದಲು ಶುಲ್ಕದ ಮಾತು ಬರುತ್ತದೆ.

ಹೇಮಾವತಿ ತೀರ:

ಮೇಷ್ಟ್ರ ಅಂಕಿಗಳು ಸರಿಯಾಗಿವೆ. ಆದರೆ 1.43ಕ್ಕೂ 0.75ಕ್ಕೂ ಇರುವ ಅಂತರವನ್ನು ಅವರು ದಾಟಿಹೋದರು. ಎರಡರಿಂದ ಒಂದೂವರೆಗೆ ಇಳಿಯಲು ಗರ್ಭನಿರೋಧ, ನಗರವಾಸ, ಓದಿನ ಖರ್ಚು ಸಾಕು. ಒಂದೂವರೆಯಿಂದ ಒಂದಕ್ಕಿಂತ ಕೆಳಗಿಳಿಯಬೇಕಾದರೆ ಬೇರೇನೋ ಆಗಿರಬೇಕು. ಅರ್ಥಶಾಸ್ತ್ರಕ್ಕೆ 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದನ್ನೇ ವಿಚಾರಿಸಿದ್ದಾರೆ. ಯುದ್ಧಾನಂತರ ಅತಿ ವೇಗವಾಗಿ ಶ್ರೀಮಂತವಾದ ಜಪಾನ್, ಇಟಲಿ, ಕೊರಿಯಾದಂಥ ದೇಶಗಳಲ್ಲಿ ಹೆಣ್ಣುಮಕ್ಕಳ ಬದುಕು ಒಂದೇ ಪೀಳಿಗೆಯಲ್ಲಿ ಬದಲಾಯಿತು, ಗಂಡಸರ ನಿರೀಕ್ಷೆಗಳು ಹಳ್ಳಿಯ ಕೂಡು ಕುಟುಂಬದಲ್ಲೇ ಉಳಿದವು ಎಂಬುದು ಅವರ ವಾದದ ತಿರುಳು. ಜಪಾನಿನಲ್ಲೂ ಇಟಲಿಯಲ್ಲೂ ಮಹಿಳೆಯರು ಮನೆಗೆಲಸಕ್ಕೆ ಗಂಡಸರಿಗಿಂತ ದಿನಕ್ಕೆ ಸುಮಾರು ಮೂರು ಗಂಟೆ ಹೆಚ್ಚು ಕೊಡುತ್ತಾರೆ, ಸ್ವೀಡನ್ನಿನಲ್ಲಿ ಆ ವ್ಯತ್ಯಾಸ ಒಂದು ಗಂಟೆಯೊಳಗಿದೆ.

ನಮ್ಮ ಅಂತರ ಇವರೆಲ್ಲರನ್ನೂ ಮೀರಿಸುತ್ತದೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಎಂದು ಬಂದಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಆ 97 ನಿಮಿಷ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ, ಮತ್ತು ಹಾಗೆ ಕೈಹಾಕಿದವರು ಶೇಕಡ 26ರಷ್ಟು. ಉಳಿದ ಮುಕ್ಕಾಲು ಪಾಲು ಗಂಡಸರು ಆ ದಿನ ಒಂದು ಲೋಟವನ್ನೂ ಎತ್ತಿಡಲಿಲ್ಲ. ಇಷ್ಟು ಅಂತರವಿರುವ ಸಮಾಜದಲ್ಲಿ ಹೆಣ್ಣುಮಕ್ಕಳ ಓದು ಮತ್ತು ನೌಕರಿ ಕೊರಿಯಾದ ವೇಗದಲ್ಲಿ ಏರಿದರೆ ಏನಾದೀತು ಎಂಬುದೇ ನನ್ನ ಪ್ರಶ್ನೆ.

ಸುವೊನ್ ವಾಸಿ:

ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಸೋಲ್ ಬಳಿಯ ಸುವೊನ್‌ನಲ್ಲಿರುವ ಕನ್ನಡಿಗ ನಾನು. ಹೊರಗಿನವರ ಲೇಖನಗಳಲ್ಲಿ ಮನೆ ಬೆಲೆ, ಹಗ್ವೊನ್ ಎಲ್ಲ ಬರುತ್ತವೆ, ಆದರೆ ನನ್ನ ಮಹಿಳಾ ಸಹೋದ್ಯೋಗಿಗಳು ಮದುವೆಯೇ ಬೇಡವೆನ್ನುವಾಗ ಮೊದಲು ಎತ್ತುವ ಮಾತು ಚೂಸೊಕ್ ಹಬ್ಬದ್ದು. ಆ ಹಬ್ಬದ ಹಿಂದಿನ ದಿನ ಸೊಸೆ ಗಂಡನ ಹಿರಿಯರ ಮನೆಗೆ ಹೋಗಿ, ನೆಲದ ಮೇಲೆ ಕಾವಲಿ ಇಟ್ಟುಕೊಂಡು, ಮೀನು, ತರಕಾರಿ, ತೋಫುಗಳನ್ನು ಹಿಟ್ಟು ಮೊಟ್ಟೆಯಲ್ಲಿ ಅದ್ದಿ ಗಂಟೆಗಟ್ಟಲೆ ಬೇಯಿಸಬೇಕು. ಮರುದಿನ ಎಡೆ ಇಡುವುದು ಗಂಡನ ಪೂರ್ವಜರಿಗೆ, ಅಡ್ಡಬೀಳುವವರು ಗಂಡಸರು. ಅವಳ ಸ್ವಂತ ಅಜ್ಜ ಅಜ್ಜಿಗೆ ಅಲ್ಲಿ ಸ್ಥಳವಿಲ್ಲ. ಶ್ರಾದ್ಧದ ದಿನ ಮಡಿಯುಟ್ಟು ನಸುಕಿನಿಂದ ಒಲೆಯ ಮುಂದೆ ನಿಲ್ಲುವ ಸೊಸೆಯನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದಿಂದಾಗುವ ಒತ್ತಡಕ್ಕೆ ಕೊರಿಯನ್ ಭಾಷೆಯಲ್ಲಿ ಪ್ರತ್ಯೇಕ ಹೆಸರೇ ಇದೆ.

ಒಂದು ವಿಚಿತ್ರವೆಂದರೆ ಕಾಗದದ ಮೇಲೆ ಕೊರಿಯಾದ ತಂದೆಗೆ ಸಿಗುವ ರಜೆ ಜಗತ್ತಿನಲ್ಲೇ ದೊಡ್ಡದು: ಒಂದು ವರ್ಷ, 2025ರಿಂದ ತಂದೆತಾಯಿ ಇಬ್ಬರೂ ಬಳಸಿದರೆ ತಲಾ ಒಂದೂವರೆ ವರ್ಷ. ದೀರ್ಘ ಕಾಲ ಅದನ್ನು ಕೇಳುವ ಧೈರ್ಯವೇ ಗಂಡಸರಿಗಿರಲಿಲ್ಲ, ಕೇಳಿದವನಿಗೆ ಬಡ್ತಿಯಿಲ್ಲ ಎಂಬ ಮಾತು ಎಲ್ಲ ಕಚೇರಿಗಳಲ್ಲೂ ಇತ್ತು. ಈಗ ರಜೆ ಪಡೆಯುವವರಲ್ಲಿ ಗಂಡಸರು ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂದಿದ್ದಾರೆ. ಮೇಷ್ಟ್ರು ಕೇಳಬಹುದಾದ ಪ್ರಶ್ನೆಗೆ ಮುಂಚಿತವಾಗಿಯೇ ಹೇಳುತ್ತೇನೆ, 2024ರ ಏರಿಕೆಗೆ ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕೋವಿಡ್‌ನಿಂದ ಮುಂದೂಡಿದ್ದ ಮದುವೆಗಳು ನಡೆದದ್ದೇ ದೊಡ್ಡ ಕಾರಣ. ಮದುವೆಯ ಹೊರಗೆ ಹುಟ್ಟುವ ಮಕ್ಕಳು ಇಲ್ಲಿ ಶೇಕಡ 6ರೊಳಗಿರುವುದರಿಂದ ಮದುವೆ ನಿಂತರೆ ತೊಟ್ಟಿಲೂ ನಿಲ್ಲುತ್ತದೆ.

ಕಬ್ಬಿನ ಸೀಮೆಯವ:

ಮದುವೆ ನಿಲ್ಲುವುದನ್ನು ನೋಡಲು ಸುವೊನ್‌ಗೆ ಹೋಗಬೇಕಾಗಿಲ್ಲ, ಮಂಡ್ಯಕ್ಕೆ ಬಂದರೆ ಸಾಕು. 2023ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ರಾಜ್ಯವೆಲ್ಲ ನಕ್ಕಿತು. ಅವರಲ್ಲಿ ಹೆಚ್ಚಿನವರು ಜಮೀನಿದ್ದ, ದುಡಿಯುವ ಹುಡುಗರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಮಗುವನ್ನು ಲೆಕ್ಕದಿಂದ ತೆಗೆಯುತ್ತಿದ್ದರು. ಎರಡೂ ಸುದ್ದಿಗಳನ್ನು ಒಟ್ಟಿಗೆ ಓದಿದವರು ಕಡಿಮೆ.

ಹೆಣ್ಣುಗಳ ಸಂಖ್ಯೆ ಕಡಿಮೆಯಾದದ್ದಷ್ಟೇ ಕಾರಣವಲ್ಲ. ನನ್ನ ತಂಗಿಗೆ ರೈತನ ಮನೆಯ ಸಂಬಂಧ ಬಂದಾಗ ಬೇಡವೆಂದು ಮೊದಲು ಹೇಳಿದ್ದು ನಮ್ಮವ್ವ, ಐದು ಎಕರೆ ಗದ್ದೆಯ ಒಡೆಯನನ್ನು ಕಟ್ಟಿಕೊಂಡು ಇದ್ದೂರಿನಲ್ಲೇ ಬಾಳಿದ ಹೆಂಗಸು. ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಮುದ್ದೆ ಬೇಯಿಸಿ, ಆಳುಗಳಿಗೆ ಬುತ್ತಿ ಹೊತ್ತು, ಅತ್ತೆಯ ಮಾತು ಕೇಳಿಕೊಂಡು ಮಲಗುವ ಬಾಳು ಮಗಳಿಗೆ ಬೇಡ ಎಂದು ಅವರು ತೀರ್ಮಾನಿಸಿದ್ದರು. ಅದೇ ಅವ್ವ ನನಗೆ ಹೆಣ್ಣು ಹುಡುಕುವಾಗ ಕೊಟ್ಟಿಗೆ ಕೆಲಸ ಬಲ್ಲವಳನ್ನು ಕೇಳುತ್ತಿದ್ದಾರೆ. ಮಲೆನಾಡಿನ ಅಡಿಕೆ ತೋಟದ ಗೆಳೆಯರದೂ ಇದೇ ಕಥೆ. ಕೊರಿಯಾದ ಹಳ್ಳಿಯ ಗಂಡಸರು ವಿಯೆಟ್ನಾಮಿನಿಂದ ಹೆಂಡತಿಯರನ್ನು ಕರೆತಂದರೆಂದು ಓದಿದ್ದೇನೆ; ನಮ್ಮ ಕಡೆಯ ದಲ್ಲಾಳಿಗಳೂ ದೂರದ ಜಿಲ್ಲೆಗಳ ಬಡವರ ಮನೆ ಬಾಗಿಲು ತಟ್ಟುತ್ತಿದ್ದಾರೆ.

ಆರೋಗ್ಯ ಕೇಂದ್ರದಿಂದ:

ನಾನು ಉತ್ತರ ಕರ್ನಾಟಕದಲ್ಲಿ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವವಳು. ಮೇಷ್ಟ್ರು ಎತ್ತಿದ ಒಗಟಿಗೆ, ಅಂದರೆ ಸಮಾನತೆಯಿಲ್ಲದ ಊರುಗಳಲ್ಲೂ ದರ ಏಕೆ ಇಳಿಯಿತು ಎಂಬುದಕ್ಕೆ, ನಮ್ಮ ವಾರ್ಡಿನಲ್ಲಿ ಉತ್ತರವಿದೆ. ನಮ್ಮ ರಾಜ್ಯದ ಇಳಿಕೆ ಹೆಚ್ಚಾಗಿ ಆಗಿರುವುದು ಹೆಣ್ಣಿನ ಆಪರೇಷನ್ನಿನಿಂದ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಶಸ್ತ್ರಚಿಕಿತ್ಸೆ ಸೊನ್ನೆಗೆ ಸಮೀಪ. ಗಂಡಸಿನದು ಹೊಟ್ಟೆ ಕೊಯ್ಯದ, ಕೆಲವೇ ನಿಮಿಷಗಳ, ಅದೇ ದಿನ ಮನೆಗೆ ಹೋಗಬಹುದಾದ ಚಿಕಿತ್ಸೆ.

ಇಪ್ಪತ್ತೈದರೊಳಗೆ ಎರಡು ಹೆತ್ತು, ಆಪರೇಷನ್ ಮಾಡಿಸಿಕೊಂಡು ಹೋಗುವವರು ನಮ್ಮಲ್ಲಿ ಸಾಮಾನ್ಯ. ಮೊದಲನೆಯದು ಗಂಡಾಗಿದ್ದರೆ ನಿರ್ಧಾರ ಸಲೀಸು. ಎರಡೂ ಹೆಣ್ಣಾದರೆ ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತು "ಇನ್ನೊಂದು ನೋಡೋಣ್ರಿ" ಎನ್ನುತ್ತಾಳೆ. ಗಂಡನಿಗೆ ನಾವು ವ್ಯಾಸೆಕ್ಟಮಿಯ ಮಾತೆತ್ತಿದರೆ ಹೆಂಡತಿಯೇ ಅಡ್ಡ ಬರುತ್ತಾಳೆ: ಭಾರ ಎತ್ತಿ ದುಡಿಯುವವರು, ಅವರಿಗೆ ಏನಾದರೂ ಆದರೆ ಮನೆ ಗತಿಯೇನು? ಅವಳೂ ತಲೆಯ ಮೇಲೆ ಕಬ್ಬಿನ ಹೊರೆ ಹೊರುವವಳೇ. ಹೀಗೆ ಹೆರುವುದು ಅವಳ ಪಾಲು, ನಿಲ್ಲಿಸುವುದೂ ಅವಳ ಪಾಲು. ಕಡಿಮೆ ಮಕ್ಕಳಾದ ಮಾತ್ರಕ್ಕೆ ಮನೆ ಬದಲಾಯಿತೆಂದು ತಿಳಿಯಬಾರದು, ಅವಳಿಗೆ ಸಿಕ್ಕ ಬಿಡುವು ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಯಿತು.

ನಿಷ್ಠುರಿ:

ಹಾಗಿದ್ದರೆ ದರವನ್ನು ಏರಿಸಬೇಕೆಂಬ ಹಟವೇಕೆ? 2024ರ ಅಕ್ಟೋಬರಿನಲ್ಲಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿರೆಂದರು, ಬೆನ್ನಲ್ಲೇ ಸ್ಟಾಲಿನ್ ಸಾಮೂಹಿಕ ವಿವಾಹದ ವೇದಿಕೆಯಲ್ಲಿ ಹದಿನಾರು ಮಕ್ಕಳ ಮಾತಾಡಿದರು. ಜನಸಂಖ್ಯೆಯ ಆಧಾರದ ಮೇಲೆ ನಡೆಯುವ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ದಕ್ಷಿಣಕ್ಕೆ ಅನ್ಯಾಯವಾಗುತ್ತದೆ ಎಂಬ ಚಿಂತೆ ನ್ಯಾಯವಾದದ್ದೇ, ಆದರೆ ಅದಕ್ಕೆ ಪರಿಹಾರ ಸಂಸತ್ತಿನಲ್ಲಿ ಸಿಗಬೇಕೇ ಹೊರತು ಹೆರಿಗೆ ಕೋಣೆಯಲ್ಲಲ್ಲ. ಎರಡು ಸಾಕು ಎಂದು ಗೋಡೆಗಳ ಮೇಲೆ ಬರೆಸಿದ್ದೂ ಸರ್ಕಾರ, ಈಗ ಸಾಲದು ಎನ್ನುವುದೂ ಸರ್ಕಾರ. ಕೊರಿಯಾ ಸರ್ಕಾರ 2016ರಲ್ಲಿ ಯಾವ ಊರಿನಲ್ಲಿ ಹೆರುವ ವಯಸ್ಸಿನ ಮಹಿಳೆಯರು ಎಷ್ಟಿದ್ದಾರೆಂದು ನಕ್ಷೆ ಮಾಡಿ ಪ್ರಕಟಿಸಿ, ನಾವೇನು ದನಗಳೇ ಎಂದು ಅಲ್ಲಿನ ಹೆಣ್ಣುಮಕ್ಕಳು ಸಿಡಿದೆದ್ದ ಮೇಲೆ ಹಿಂತೆಗೆದುಕೊಂಡಿತು. ಮನೆಗೆಲಸದ ಹಂಚಿಕೆ ನ್ಯಾಯದ ಪ್ರಶ್ನೆ. ಮಕ್ಕಳು ಹೆಚ್ಚಾಗುತ್ತವೆ ಎಂಬ ಆಮಿಷ ತೋರಿಸಿ ಅದನ್ನು ಕೇಳಬೇಕಾಗಿಲ್ಲ.

ಅಂಕಿಅಂಶದ ಮೇಷ್ಟ್ರು:

ನ್ಯಾಯದ ಮಾತಿಗೆ ನನ್ನ ತಕರಾರಿಲ್ಲ. ಆದರೆ ಬೇಕೆಂದಷ್ಟು ಮಕ್ಕಳನ್ನು ಪಡೆಯಲಾಗದಿರುವುದೂ ಒಂದು ನಷ್ಟವೇ ಅಲ್ಲವೇ? ಜಯನಗರದವರು ಎರಡನೆಯದನ್ನು ಬಯಸಿ ಬಿಟ್ಟರೋ ಬಯಸದೆ ಬಿಟ್ಟರೋ ಎಂಬುದರಿಂದ ಉತ್ತರ ಬದಲಾಗುತ್ತದೆ.

ಜಯನಗರದ ಓದುಗಿ:

ಬಯಸಿಯೇ ಬಿಟ್ಟದ್ದು. ಸರ್ಕಾರ ಇನಾಮು ಕೊಡುತ್ತದೆಂದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ, ನನಗೆ ಬೇಕಿದ್ದದ್ದು ಇನ್ನೊಂದು ಜೊತೆ ಕೈ.

ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿದಾಗ ನಾವೆಲ್ಲ ಸಂಭ್ರಮಿಸಿದೆವು. ಆ ರಜೆಯ ಸಂಬಳವನ್ನು ಪೂರ್ತಿಯಾಗಿ ಭರಿಸಬೇಕಾದದ್ದು ಸಾಮಾನ್ಯವಾಗಿ ಉದ್ಯೋಗದಾತ, ಮತ್ತು ರಜೆ ತಾಯಿಗೆ ಮಾತ್ರ. ಕೇಂದ್ರ ಸರ್ಕಾರದ ಪುರುಷ ನೌಕರನಿಗೆ 15 ದಿನ, ಖಾಸಗಿ ಕಂಪನಿಯ ತಂದೆಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಹೀಗಾಗಿ ಸಂದರ್ಶನಕ್ಕೆ ಬಂದ ಇಪ್ಪತ್ತೆಂಟರ ಹುಡುಗಿಯನ್ನು ನೋಡಿದ ಕೂಡಲೇ ವ್ಯವಸ್ಥಾಪಕನ ತಲೆಯಲ್ಲಿ ಆರು ತಿಂಗಳ ಲೆಕ್ಕ ಓಡುತ್ತದೆ, ಪಕ್ಕದಲ್ಲಿ ಕುಳಿತ ಹುಡುಗನನ್ನು ನೋಡಿದಾಗ ಓಡುವುದಿಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದೆಂದೂ ಅದೇ ತಿದ್ದುಪಡಿ ಹೇಳಿತು. ತಂದೆಯ ಹೆಸರನ್ನು ಅಲ್ಲಿಯೂ ಎತ್ತಿಲ್ಲ.

ಇದಕ್ಕೆ ಹೋಲಿಸಿದರೆ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ 2023ರಿಂದ ಆರಂಭವಾದ ಕೂಸಿನ ಮನೆ ನನಗೆ ಹೆಚ್ಚು ವಿವೇಕದ ಯೋಜನೆಯಾಗಿ ಕಾಣುತ್ತದೆ. ಅಂಗನವಾಡಿಗೆ ಸೇರುವ ವಯಸ್ಸಾಗದ ಕೂಸನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಯನ್ನು ಅದು ಅಜ್ಜಿಯ ಮೇಲೆ ಹಾಕದೆ ಪಂಚಾಯಿತಿಯ ಮೇಲೆ ಹಾಕಿತು. ನಗರದ ಗಾರ್ಮೆಂಟ್ಸ್ ಕಾರ್ಮಿಕಳಿಗೆ, ನಮ್ಮ ಮನೆಯ ಕೆಲಸದವಳಿಗೆ, ನನಗೆ ಅಂಥದ್ದು ವಾರ್ಡಿಗೊಂದು ಬೇಕು, ಅದು ಸಂಜೆ ಏಳರವರೆಗೆ ತೆರೆದಿರಬೇಕು. ಜೊತೆಗೆ ತಂದೆಗೆ ಕನಿಷ್ಠ ಎರಡು ತಿಂಗಳು, ಹೆಂಡತಿಗೆ ವರ್ಗಾಯಿಸಲಾಗದ ರಜೆ, ಅದರ ಸಂಬಳ ವಿಮೆಯ ನಿಧಿಯಿಂದ. ಆ ಎರಡು ತಿಂಗಳು ಹೆಂಡತಿ ಕಚೇರಿಗೆ ಮರಳಿದ ಮೇಲೆ ಬರಬೇಕು, ಬಾಣಂತನದ ಸಮಯದಲ್ಲಲ್ಲ. ಬಾಣಂತನದಲ್ಲಿ ರಜೆ ಕೊಟ್ಟರೆ ಅಳಿಯ ಅತ್ತೆ ಮನೆಯಲ್ಲಿ ಹಬ್ಬದೂಟ ಮಾಡಿಕೊಂಡಿರುತ್ತಾನೆ, ನಮ್ಮಮ್ಮನಿಗೆ ನೋಡಿಕೊಳ್ಳಬೇಕಾದ ಇನ್ನೊಂದು ಕೂಸು ಸಿಕ್ಕಂತಾಗುತ್ತದೆ.